ಶೀಟಿನ ಕೋಣೆಯಲ್ಲಿ ಹಾಡಿದವರು

ಕಳೆದ ವಾರ ಗುಡಿಸಿ ಬಿಡುವ ಅಂತ ಶೀಟಿನ ಕೋಣೆಯ ಬಾಗಿಲು ತೆಗೆದೆ. ನಾವು ರಬ್ಬರ್ ಶೀಟು ಮಾಡುವುದನ್ನು ಬಿಟ್ಟು ಮೂರು ವರ್ಷವಾಯಿತು. ಈಗ ಮರದ ಹಾಲನ್ನೇ ಡಬ್ಬದಲ್ಲಿ ತುಂಬಿ ಕೊಡುತ್ತೇವೆ. ಶೀಟು ನೇತುಹಾಕುತ್ತಿದ್ದ ಬಿದಿರುಗಳೆಲ್ಲ ಖಾಲಿ. ಆದರೂ ಹೊಗೆಯೂ ಹುಳಿಯೂ ಸೇರಿದ ಆ ವಾಸನೆ ಮಾತ್ರ ಗೋಡೆ ಬಿಟ್ಟು ಹೋಗಿಲ್ಲ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಆ ವಾಸನೆ ಬಂದರೆ ಗಿಟಾರಿನ ಸದ್ದು ಕೇಳಿದ ಹಾಗಾಗುತ್ತದೆ...

ನಮ್ಮ ಮನೆ ಮಡಂತ್ಯಾರಿನಿಂದ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ. ರಸ್ತೆಗೆ ತಾಗಿದ ಆಚೆಮನೆ ಆ ಗಿಟಾರಿನವರದ್ದು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ನನಗಿಂತ ಹತ್ತು ವರ್ಷ ದೊಡ್ಡವರಾದರೂ ಅವರು ನನ್ನನ್ನು ಅಕ್ಕ ಎನ್ನುತ್ತಿದ್ದರು. ಮದುವೆಯಾಗಿರಲಿಲ್ಲ. ಮುಂಬಯಿ, ದುಬೈ ಹೋಟೆಲುಗಳಲ್ಲಿ ರಾಕ್ ಬ್ಯಾಂಡಿನಲ್ಲಿ ಹಾಡಿ, ತಂದೆ ತೀರಿಕೊಂಡ ಮೇಲೆ ಊರಿಗೆ ಬಂದು ನಿಂತವರು. ಒಮ್ಮೆ ಮೂಡುಬಿದಿರೆ ಹತ್ತಿರದ ಕಾಲೇಜೊಂದರಲ್ಲಿ ಅವರ ಕಾರ್ಯಕ್ರಮ ಇತ್ತು. ಮಗಳು ನನ್ನನ್ನೂ ಎಳೆದುಕೊಂಡು ಹೋಗಿದ್ದಳು. ಡ್ರಮ್ಮು ಬಡಿಯುವಾಗ ನನ್ನ ಎದೆಯೊಳಗೆ ಯಾರೋ ಅವಲಕ್ಕಿ ಕುಟ್ಟಿದ ಹಾಗಾಯಿತು. ಮರುದಿನ ಅದನ್ನೇ ಅವರಿಗೆ ಹೇಳಿದೆ. ಅವರು ಬೇಸರ ಮಾಡಿಕೊಳ್ಳದೆ ನಕ್ಕರು.

ಎಂಟು ವರ್ಷದ ಹಿಂದಿನ ಮಾತು. ರಬ್ಬರಿನ ಎಲೆ ಉದುರುವ ಕಾಲ, ಹಾಲು ತೆಗೆಯುವ ಟ್ಯಾಪಿಂಗ್ ನಿಲ್ಲಿಸಿದ್ದೆವು. ಒಂದು ಬೆಳಿಗ್ಗೆ ಈ ಅಣ್ಣ ನಮ್ಮ ದನದ ಹಟ್ಟಿಯೊಳಗೆ ನಿಂತು ಕೈ ತಟ್ಟುತ್ತಿದ್ದರು. ಆಮೇಲೆ ಬಚ್ಚಲಲ್ಲಿ ತಟ್ಟಿದರು. ಕಟ್ಟಿಗೆ ಕೊಟ್ಟಿಗೆಯಲ್ಲಿ ತಟ್ಟಿದರು.

"ಹಾವು ಉಂಟಾ ಅಣ್ಣ?" ಎಂದು ಹೆದರಿ ಕೇಳಿದೆ.

"ಹಾವಲ್ಲ ಅಕ್ಕ, ಸದ್ದು ಹುಡುಕ್ತಾ ಇದ್ದೇನೆ."

ಕೊನೆಗೆ ಶೀಟಿನ ಕೋಣೆಗೆ ಹೋಗಿ ತಟ್ಟಿದರು. ರೇಟು ಏರಲಿ ಅಂತ ನಮ್ಮವರು ಶೀಟುಗಳನ್ನು ಅಲ್ಲೇ ಸಾಲು ಸಾಲು ನೇತುಹಾಕಿ ಇಟ್ಟಿದ್ದರು. ಕೈ ತಟ್ಟಿದ ಸದ್ದು ಅಲ್ಲೇ ಸತ್ತುಹೋಯಿತು, ಒಂದು ಚೂರೂ ಮಾರ್ದನಿ ಇಲ್ಲ. ಅಣ್ಣನ ಮುಖ ಅರಳಿತು. "ಇದೇ ಬೇಕಾದದ್ದು. ಎರಡು ವಾರಕ್ಕೆ ಈ ಕೋಣೆ ಕೊಡ್ತೀರಾ?"

ನಮ್ಮವರು ಜಗಲಿಯಿಂದಲೇ ಹೇಳಿದರು: "ಕೊಡುವ. ಆದ್ರೆ ಆ ವಾಸನೆಯಲ್ಲಿ ನಾನೇ ಹತ್ತು ನಿಮಿಷ ನಿಲ್ಲುವುದಿಲ್ಲ ಮಾರಾಯ್ರೆ. ನೀವು ಹಾಡ್ತೀರೋ, ತಲೆತಿರುಗಿ ಬೀಳ್ತೀರೋ!"

ಆಗ ಅವರು ವಿಷಯ ಹೇಳಿದ್ದು. ಗಂಟಲಲ್ಲಿ ಗಡ್ಡೆ ಬಂದಿದೆ, ಹದಿನೈದು ದಿನದಲ್ಲಿ ಮಂಗಳೂರಿನಲ್ಲಿ ಆಪರೇಷನ್ನು, ಆಮೇಲೆ ಸ್ವರ ಉಳಿಯುವುದು ಸಂಶಯ. ಅಷ್ಟರೊಳಗೆ ಒಂಬತ್ತು ಹಾಡು ರೆಕಾರ್ಡು ಮಾಡಿ ಒಂದು ಆಲ್ಬಮ್ ಮಾಡಬೇಕು. ರಾಕ್ ಅಲ್ಲ, ಅವರ ತಂದೆಗೆ ಪ್ರಾಣವಾಗಿದ್ದ, ಕಂಟ್ರಿ ಅನ್ನುವ ಹಳ್ಳಿ ಧಾಟಿಯ ಹಳೆಯ ಇಂಗ್ಲಿಷ್ ಹಾಡುಗಳು.

ತಂದೆ ಹಂಚಿನ ಲಾರಿಯ ಡ್ರೈವರಾಗಿದ್ದರು. ಮಧ್ಯಾಹ್ನ ಊಟವಾದ ಮೇಲೆ ಟೇಪ್ ರೆಕಾರ್ಡರಿನಲ್ಲಿ ಆ ಕ್ಯಾಸೆಟ್ ಹಾಕುತ್ತಿದ್ದರು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅದು ನಮ್ಮ ಅಡುಗೆಮನೆಗೂ ಕೇಳುತ್ತಿತ್ತು. "ದೇವರು ಕೊಟ್ಟ ಗಂಟಲನ್ನು ನೆಲ ಒರೆಸುವ ಬಟ್ಟೆ ಮಾಡಿದೆಯಲ್ಲ" ಎಂದು ರಾಕ್ ಹಾಡುವ ಮಗನಿಗೆ ಬೈಯುತ್ತಿದ್ದರು. ಕೊನೆಗಾಲದಲ್ಲಿ ಮಾತ್ರ ಒಂದು ದಿನ ಮೆತ್ತಗೆ ಕೇಳಿದರಂತೆ, ಆ ಕ್ಯಾಸೆಟ್ಟಿನ ಒಂದು ಹಾಡು ನನಗೆ ಹೇಳು ಅಂತ. "ಅದು ಮುದುಕರ ಹಾಡು ಪಪ್ಪಾ ಅಂತ ನಗಾಡಿಬಿಟ್ಟೆ ಅಕ್ಕ..." ಎಂದು ಅಣ್ಣ ನೆಲ ನೋಡಿದರು. ನಮ್ಮವರು ಎದ್ದು ಹೋಗಿ ಕೀಲಿಕೈ ತಂದು ಕೊಟ್ಟರು.

ಮಂಗಳೂರಿನಲ್ಲಿ ಸ್ಟುಡಿಯೋ ಇದ್ದರೂ ಅವರಿಗೆ ಬೇಡವಾಗಿತ್ತು. ತಂದೆ ಹಾಡು ಕೇಳಿದ್ದು ಇಲ್ಲಿ, ಇಲ್ಲೇ ಹಾಡಬೇಕು. ಅವರ ಮನೆಯಲ್ಲಾದರೆ ಬಸ್ಸಿನ ಸದ್ದು. ಹಾಗಾಗಿ ದಿನವೂ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಮ್ಮ ಮನೆಯಲ್ಲಿ ಮೌನವ್ರತ. ಮಿಕ್ಸಿ, ಕುಕ್ಕರು ಎಲ್ಲ ಒಂದು ಗಂಟೆಯೊಳಗೆ ಮುಗಿಸುತ್ತಿದ್ದೆ. ಕೋಳಿಗಳನ್ನು ದೂರದ ಗೂಡಿಗೆ ಹಾಕುತ್ತಿದ್ದೆ. ಇಷ್ಟೆಲ್ಲ ಮಾಡಿದರೂ ಮೂರು ಗಂಟೆಗೆ ಸರಿಯಾಗಿ ಮೀನಿನವರ ಸ್ಕೂಟರು ಪೋಂ ಪೋಂ ಎಂದು ಹಾರ್ನು ಊದುತ್ತಾ ಬರುತ್ತಿತ್ತು. ಮೊದಲ ದಿನ ಒಂದು ಹಾಡು ಹಾಳಾಯಿತು. ಎರಡನೆಯ ದಿನದಿಂದ ನಾನೇ ಮೂರಕ್ಕೆ ಮೊದಲು ರಸ್ತೆಗೆ ಹೋಗಿ ತಿರುವಿನಲ್ಲಿ ನಿಲ್ಲುತ್ತಿದ್ದೆ.

"ಊದ್ಬೇಡಿ ಮಾರಾಯ್ರೆ, ಒಳಗೆ ಹಾಡ್ತಾ ಇದ್ದಾರೆ."

"ನನ್ನದು ಮತ್ತೆಂತ, ಬೈಯುವುದಾ? ಇದೂ ಹಾಡೇ ಅಕ್ಕ," ಎನ್ನುತ್ತಿದ್ದರು ಮೀನಿನವರು. "ಆಯ್ತು, ಬಂಗುಡೆ ತಗೊಳ್ಳಿ. ಊದದೆ ಇದ್ರೆ ಇದು ನನ್ನ ಮನೆಗೇ ವಾಪಸ್."

ಸೋಮವಾರ ನಮಗೆ ಮೀನಿಲ್ಲ, ಆದರೂ ಹೋಗಿ ನಿಂತೆ. ಸಂಜೆ ದೀಪ ಹಚ್ಚುವಾಗ ಆ ದಿನ ದೇವರು ಕೊಟ್ಟದ್ದನ್ನು ಎಣಿಸುವ ಅಭ್ಯಾಸ ನನ್ನದು. ಕರೆಂಟು ಹೋಗಲಿಲ್ಲ. ದನ ಕೂಗಲಿಲ್ಲ. ಅಣ್ಣನಿಗೆ ಕೆಮ್ಮು ಬರಲಿಲ್ಲ. ಆ ಹದಿನೈದು ದಿನ ನಾನು ಎಣಿಸಿದ್ದು ಇಂಥದ್ದನ್ನೇ.

ಎಂಟು ಹಾಡು ಮುಗಿದವು. ಒಂಬತ್ತನೆಯದು ಕೊನೆಗಾಲದಲ್ಲಿ ತಂದೆ ಹೇಳು ಎಂದಿದ್ದ ಹಾಡು. ಅದು ಮಾತ್ರ ಬರಲಿಲ್ಲ. ಆಸ್ಪತ್ರೆಗೆ ಸೇರುವ ಹಿಂದಿನ ದಿನ, ಎರಡೂವರೆ ಹೊತ್ತಿಗೆ ಅವರು ಬೆವರಿಕೊಂಡು ಹೊರಗೆ ಬಂದು ಮೆಟ್ಟಿಲಲ್ಲಿ ಕೂತುಬಿಟ್ಟರು. ಸ್ವರ ಗರಗಸದ ಹಾಗಾಗಿತ್ತು.

"ಆಗುವುದಿಲ್ಲ ಅಕ್ಕ. ಮೇಲೆ ಹೋಗುವಾಗ ಒಡೀತದೆ."

ಕಾಳುಮೆಣಸಿನ ಕಷಾಯ ಬಿಸಿ ಮಾಡಿ ಕೊಟ್ಟೆ. ನನಗೆ ಅವರ ಸಂಗೀತ ತಿಳಿಯದು. ಶನಿವಾರದ ಭಜನೆಯಲ್ಲಿ ಹಾಡುವವಳು, ಅಷ್ಟೇ. ತೋಚಿದ್ದನ್ನು ಹೇಳಿದೆ. "ಮೇಲೆ ಯಾಕೆ ಹೋಗ್ತೀರಿ ಅಣ್ಣ? ಅಷ್ಟು ಬೊಬ್ಬೆ ಹಾಕ್ಲಿಕ್ಕೆ ನಿಮ್ಮ ಪಪ್ಪ ಕಿವುಡರಾ? ಹತ್ತಿರ ಕೂತವರಿಗೆ ಹೇಳುವ ಹಾಗೆ ಹೇಳಿ."

ಅವರು ಲೋಟ ಹಿಡಿದುಕೊಂಡೇ ನನ್ನನ್ನು ನೋಡಿದರು. ಆಮೇಲೆ, "ಹಾಗಾದ್ರೆ ಹತ್ತಿರ ಒಬ್ಬರು ಕೂತ್ಕೊಳ್ಬೇಕಲ್ಲ. ಬನ್ನಿ," ಎಂದರು.

ಶೀಟುಗಳ ನಡುವೆ ಒಂದು ಮಣೆಯ ಮೇಲೆ ಕೂತೆ. ಅಣ್ಣ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ನಾನು ನನ್ನ ದೇವರನ್ನು ನೆನೆದುಕೊಂಡೆ. ಅವರು ಹಾಡಿದರು... ಹಾಡಿದರು ಅನ್ನುವುದಕ್ಕಿಂತ ಮಾತಾಡಿದರು ಅನ್ನಬೇಕು. ಕಾಲೇಜಿನ ಮೈದಾನ ನಡುಗಿಸಿದ ಆ ಸ್ವರ ಅಂಗೈಯಲ್ಲಿ ನೀರು ತಂದ ಹಾಗೆ, ಚೆಲ್ಲದೆ, ಮೆಲ್ಲಗೆ ಬರುತ್ತಿತ್ತು. ಶಬ್ದ ಒಂದೂ ಅರ್ಥವಾಗದಿದ್ದರೂ ಸೆರಗಿನಿಂದ ಕಣ್ಣೊರೆಸಿಕೊಂಡೆ. ಹಾಡು ಮುಗಿದು ಕೊನೆಯ ತಂತಿ ಇನ್ನೂ ಗುನುಗುತ್ತಿತ್ತು, ಅಷ್ಟರಲ್ಲಿ...

ಪೋಂ ಪೋಂ ಪೋಂ!

ತಿರುವಿನಲ್ಲಿ ನಾನಿರಲಿಲ್ಲವಲ್ಲ. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಹದಿಮೂರು ದಿನ ಕಾದು ಕೊನೆಯ ದಿನ ನಾನೇ ಕೆಡಿಸಿದೆ. ಇನ್ನೊಮ್ಮೆ ಹಾಡಲು ಆ ಗಂಟಲಲ್ಲಿ ಏನೂ ಉಳಿದಿರಲಿಲ್ಲ. "ತಪ್ಪಾಯ್ತು ಅಣ್ಣ" ಎಂದು ಅಳುವುದಕ್ಕೇ ಶುರು ಮಾಡಿದೆ. ಅಣ್ಣ ಗಿಟಾರಿನ ಮೇಲೆ ತಲೆಯಿಟ್ಟಿದ್ದರು. ಹೆಗಲು ಕುಲುಕುತ್ತಿತ್ತು. ಅವರೂ ಅಳುತ್ತಿದ್ದಾರೆ ಅಂದುಕೊಂಡೆ. ತಲೆ ಎತ್ತಿದಾಗ ನೋಡಿದರೆ, ಕಣ್ಣಲ್ಲಿ ನೀರಿದ್ದದ್ದು ಹೌದು, ಆದರೆ ನಗುತ್ತಿದ್ದರು.

"ಪಪ್ಪ ದಿನಾ ಹೀಗೇ ಅಕ್ಕ. ಹಾಡು ನಡೀತಾ ಇರುವಾಗ ಈ ಹಾರ್ನು ಕೇಳಿದ್ರೆ ಸಾಕು, ಟೇಪು ನಿಲ್ಲಿಸಿ ಚೀಲ ಹಿಡ್ಕೊಂಡು ಓಡ್ತಿದ್ರು. ನಮ್ಮ ಮನೆಯಲ್ಲಿ ಈ ಹಾಡು ಮುಗಿಯುವುದೇ ಹೀಗೆ." ಪಿಸುಮಾತಿನಲ್ಲಿ ಸೇರಿಸಿದರು: "ಇವತ್ತು ಅವರು ಪೂರ್ತಿ ಕೇಳಿಯೇ ಎದ್ದರು."

ಹಾರ್ನನ್ನು ಅವರು ತೆಗೆಯಲಿಲ್ಲ. ಆಲ್ಬಮಿನ ಕೊನೆಯ ಹಾಡು ಇವತ್ತಿಗೂ ಹಾಗೆಯೇ ಮುಗಿಯುತ್ತದೆ.

ಆಪರೇಷನ್ ಆಯಿತು, ಜೀವ ಉಳಿಯಿತು, ಸ್ವರ ಹೋಯಿತು. ಆಮೇಲೆ ಐದು ವರ್ಷ ನಮ್ಮ ಆಚೆಮನೆಯಲ್ಲೇ ಇದ್ದರು. ಬೇಲಿಯ ಆಚೆಯಿಂದ ಅಣ್ಣ ಕೈ ತಟ್ಟಿದರೆ ಕಷಾಯ ಬೇಕು ಎಂದು ಅರ್ಥ. ಆ ಐದು ವರ್ಷವನ್ನೂ ನಾನು ದೀಪದ ಎದುರು ಎಣಿಸಿದ್ದೇನೆ. ಆಮೇಲೆ ಒಂದು ಮಳೆಗಾಲ ಗಡ್ಡೆ ಮತ್ತೆ ಬಂತು, ಈ ಬಾರಿ ಬಿಡಲಿಲ್ಲ.

ಕಳೆದ ವಾರ ಗುಡಿಸಲು ಹೋದಾಗ ಆ ಖಾಲಿ ಕೋಣೆಯಲ್ಲಿ ನಿಂತು, ಮಗಳು ತುಂಬಿಸಿಕೊಟ್ಟ ಆ ಕೊನೆಯ ಹಾಡನ್ನು ಮೊಬೈಲಿನಲ್ಲಿ ಹಾಕಿದೆ. ಶೀಟುಗಳಿಲ್ಲದ ಗೋಡೆಗಳ ನಡುವೆ ಅವರ ಮೆಲುಸ್ವರ ಮಾರ್ದನಿಸಿತು. ಇದ್ದಿದ್ದರೆ ಅಣ್ಣ, "ಇಲ್ಲಿ ಬೇಡ ಅಕ್ಕ, ಸದ್ದು ಸರಿ ಇಲ್ಲ" ಎನ್ನುತ್ತಿದ್ದರು. ಕೊನೆಗೆ ಹಾರ್ನು ಬಂತು. ನಮ್ಮ ಬೆಕ್ಕು ಎಲ್ಲಿತ್ತೋ, ಓಡಿಬಂದು ಹೊಸ್ತಿಲಲ್ಲಿ ನಿಂತು ನನ್ನ ಕೈ ನೋಡಿತು. ಕೈಯಲ್ಲಿ ಪೊರಕೆ ಮಾತ್ರ ಇತ್ತು. ಅದನ್ನು ಗೋಡೆಗೆ ಒರಗಿಸಿ, ಬೇಲಿಯ ಕಡೆ ಮುಖ ಮಾಡಿ, ಅಣ್ಣ ಕರೆಯುತ್ತಿದ್ದ ಹಾಗೆ, ಒಮ್ಮೆ ಕೈ ತಟ್ಟಿದೆ...