ಶಿಲುಬೆ ಬಲ್ಬಿಗೆ ಬೆಂಕಿಕಡ್ಡಿ

ಅಮ್ಮ ತೀರಿಕೊಂಡು ತಿಂಗಳಾದದ್ದಕ್ಕೆ ಇಗರ್ಜಿಯಲ್ಲಿ ಇಟ್ಟ ಪೂಜೆ ಮುಗಿದ ಮರುದಿನ ಅಣ್ಣ ಅವಳ ಕಪಾಟಿನ ಬಾಗಿಲು ತೆರೆದು, “ನಿನಗೆ ಯಾವುದು ಬೇಕೋ ತೆಗೆದುಕೋ. ನಾಳಿದ್ದು ದೋಹಾಕ್ಕೆ ಹೊರಟರೆ ಮತ್ತೆ ಬರುವುದು ಯಾವಾಗಲೋ” ಎಂದ. ನಾನು ಕಪಾಟಿನ ಕಡೆ ನೋಡಲೇ ಇಲ್ಲ. ದೇವರ ಪೀಠದ ಮೇಲಿದ್ದ ಬಲ್ಬನ್ನು ತೋರಿಸಿದೆ.

“ಸರಿಹೋಯ್ತು!” ಅಣ್ಣ ಅತ್ತಿಗೆಯ ಕಡೆ ತಿರುಗಿದ. “ಬೆಂಡೋಲೆ ಬಿಟ್ಟು ಬಲ್ಬು ಕೇಳ್ತಾಳೆ ನೋಡು, ಗಲ್ಫಿನವಳು.”

ಅದು ಕೋಳಿಮೊಟ್ಟೆಯಷ್ಟು ದೊಡ್ಡದಾದ ಗಾಜಿನ ಬಲ್ಬು. ಒಳಗೆ ತಂತಿಯ ಸುರುಳಿಯ ಬದಲು ತಗಡಿನ ಪುಟ್ಟ ಶಿಲುಬೆ. ಸ್ವಿಚ್ ಹಾಕಿದರೆ ಶಿಲುಬೆಯ ಅಂಚಿಗೆಲ್ಲ ಕಿತ್ತಳೆ ಬಣ್ಣದ ಬೆಳಕು ಅಂಟಿಕೊಳ್ಳುತ್ತದೆ, ಕೆಂಡದ ಮೇಲಿನ ಬೂದಿ ಊದಿದ ಹಾಗೆ. ಮುಟ್ಟಿದರೆ ಸುಡುವುದಿಲ್ಲ. ಅಪ್ಪ ಮುಂಬಯಿಯಲ್ಲಿ ಕೆಲಸಕ್ಕಿದ್ದಾಗ ತಂದದ್ದಂತೆ. ಈಗ ಅಂಥದ್ದು ಯಾವ ಅಂಗಡಿಯಲ್ಲೂ ಇಲ್ಲ, ನಾನು ಕೇಳಿ ಸುಸ್ತಾಗಿದ್ದೇನೆ.

ಗಂಡನ ಉಣ್ಣೆಯ ಸಾಕ್ಸಿನೊಳಗೆ ತುರುಕಿ, ಕೈಚೀಲದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ. ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಫ್ಲ್ಯಾಟಿನ ಮೂಲೆಯಲ್ಲಿ ಫ್ರಿಜ್ಜಿಗಿಂತ ಸ್ವಲ್ಪ ಆಚೆ ನಮ್ಮ ಪೀಠ. ಒಂದು ಮೇರಿಯಮ್ಮನ ಪ್ರತಿಮೆ, ಒಂದು ಮೇಣದ ಬತ್ತಿ, ಅಮ್ಮನ ಬಲ್ಬು. ಸಂಜೆ ಗಂಡ ಆಫೀಸಿನಿಂದ ಬಂದು ಮುಖ ತೊಳೆದ ಮೇಲೆ ಮೊದಲು ಬತ್ತಿ ಹಚ್ಚಿ, ಆಮೇಲೆ ಬಲ್ಬಿನ ಸ್ವಿಚ್ ಹಾಕಿ, ಕೊನೆಗೆ ಟ್ಯೂಬ್‌ಲೈಟ್ ಆರಿಸಿ ಜಪಸರಕ್ಕೆ ಕೂರುವುದು. ಅಮ್ಮನ ಮನೆಯಲ್ಲೂ ಮೊದಲು ಬತ್ತಿ, ಆಮೇಲೆ ಬಲ್ಬು. ಜಪ ಮುಗಿದ ಮೇಲೆ ಆ ದಿನ ದೇವರು ಕೊಟ್ಟದ್ದನ್ನು ಬೆರಳೆಣಿಸಿ ಹೇಳುವುದು. ಲಿಫ್ಟ್ ಮಧ್ಯದಲ್ಲಿ ಕೆಟ್ಟು ನಿಲ್ಲಲಿಲ್ಲ. ಮಗಳ ಜ್ವರ ಇಳಿಯಿತು. ಬಂಗುಡೆ ತಾಜಾ ಸಿಕ್ಕಿತು. ಇಷ್ಟೇ. ಆ ಕಿತ್ತಳೆ ಬೆಳಕಿನಲ್ಲಿ ಇದನ್ನೆಲ್ಲ ಹೇಳುವಾಗ ಅಮ್ಮ ಹಿಂದೆ ಚಾಪೆಯ ಮೇಲೆ ಕೂತು ಕೇಳಿದ ಹಾಗೆ ಅನಿಸುತ್ತಿತ್ತು. ಅವಳು ಕಾಲು ನೀಡಿ ಕೂರುತ್ತಿದ್ದಳು, ಮಂಡಿನೋವು.

ಹೋದ ಚಳಿಗಾಲದಲ್ಲಿ ಲಿಫ್ಟಿನೊಳಗೆ ಕಾಗದ ಅಂಟಿಸಿದರು. ಯಾರದೋ ಫ್ಲ್ಯಾಟಿನಲ್ಲಿ ಪರದೆಗೆ ಬೆಂಕಿ ತಾಗಿತ್ತಂತೆ, ಇನ್ನು ಮೇಣದ ಬತ್ತಿ, ಊದುಬತ್ತಿ ಬೇಡ ಎಂದು. ಹೇಳಿದ ಮೇಲೆ ಕೇಳಬೇಕಲ್ಲ, ನಾನು ಬತ್ತಿ ಎತ್ತಿಟ್ಟೆ. ಬಲ್ಬು ಉಂಟಲ್ಲ, ಸಾಕು ಎಂದುಕೊಂಡೆ. ಬತ್ತಿಯೇ ಇಲ್ಲದ ಮೇಲೆ ಮೊದಲು ಟ್ಯೂಬ್‌ಲೈಟ್ ಆರಿಸಿ, ಕೂತು, ಕೈಚಾಚಿ ಬಲ್ಬಿನ ಸ್ವಿಚ್ ಹಾಕುವುದು ರೂಢಿಯಾಯಿತು.

ಆ ವಾರದಿಂದಲೇ ಬಲ್ಬು ಕೈಕೊಡತೊಡಗಿತು. ಸ್ವಿಚ್ ಹಾಕಿದರೆ ಕತ್ತಲೆಯೇ. ಒಂದು ದಿನ ಜಪಸರದ ಎರಡನೇ ರಹಸ್ಯಕ್ಕೆ ಬರುವಷ್ಟರಲ್ಲಿ ತಾನಾಗಿ ಹತ್ತಿತು, ಇನ್ನೊಂದು ದಿನ ಜಪ ಮುಗಿದರೂ ಇಲ್ಲ. ಆಮೇಲೆ ಹತ್ತಲೇ ಇಲ್ಲ. ಬತ್ತಿ ನಿಲ್ಲಿಸಿದ್ದು ಅಮ್ಮನಿಗೆ ಹಿಡಿಸಲಿಲ್ಲವೋ ಏನೋ ಎಂದುಕೊಂಡೆ. ಇವರು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದರು.

“ಖಲಾಸ್. ನಿನಗಿಂತ ಹೆಚ್ಚು ಪ್ರಾಯ ಇದಕ್ಕೆ, ಮಾರಾಯ್ತಿ. ಎಷ್ಟೂಂತ ಉರಿದೀತು?”

ಮರುದಿನ ಬ್ಯಾಟರಿಯ ಮೇಣದ ಬತ್ತಿ ತಂದುಕೊಟ್ಟರು, ಪಾಪ. ಅದರ ಪ್ಲಾಸ್ಟಿಕ್ ಜ್ವಾಲೆ ನಿಜದ್ದರ ಹಾಗೆಯೇ ಅಲ್ಲಾಡುತ್ತಿತ್ತು. ಅದರ ಮುಂದೆ ನನಗೆ ಮೂರು ಬೆರಳು ದಾಟಿ ಎಣಿಸಲಿಕ್ಕಾಗಲಿಲ್ಲ. ಅಮ್ಮನ ಬಲ್ಬನ್ನು ನೂಲಿನುಂಡೆಗಳ ಡಬ್ಬದಲ್ಲಿ ಮಲಗಿಸಿದೆ. ಮನೆಯಿಂದ ಅಮ್ಮ ಎರಡನೇ ಸಲ ಹೋದ ಹಾಗಾಯಿತು.

ಒಂಬತ್ತನೇ ಕ್ಲಾಸಿನ ಮಗಳಿಗೆ ಆಗಲೇ ಶಾಲೆಯಲ್ಲಿ ಪ್ರಾಜೆಕ್ಟು. ಘನ, ದ್ರವ, ಅನಿಲ ನನಗೂ ಗೊತ್ತು. ನಾಲ್ಕನೆಯದೊಂದು ಉಂಟಂತೆ, ಪ್ಲಾಸ್ಮಾ.

“ಪ್ಲಾಸ್ಮಾ ಅಂದ್ರೆ ರಕ್ತದಲ್ಲಿ ಇರುವುದಲ್ವಾ?”

“ಅದು ಬೇರೆ, ಮಮ್ಮಿ. ಇದು ಗ್ಯಾಸಿಗೆ ಕರೆಂಟ್ ಕೊಟ್ಟಾಗ ಅದರ ಆಟಂ ಒಡೆದು ಎಲೆಕ್ಟ್ರಾನ್ ಹೊರಗೆ ಬರ್ತದೆ, ಆಗ ಗ್ಲೋ ಆಗ್ತದೆ. ಸೂರ್ಯ ಅದೇ. ಮಿಂಚು ಅದೇ. ಅಜ್ಜಿಯ ಬಲ್ಬೂ ಅದೇ! ಅದನ್ನು ಕೊಡು, ತೋರಿಸ್ಲಿಕ್ಕೆ.”

“ಸತ್ತ ಬಲ್ಬು ಅದು. ಒಡೆದು ಬಂದರೆ ನೋಡು.”

“ಸತ್ತದ್ದು ಇನ್ನು ಎಂತ ಸಾಯ್ತದೆ?”

ಬಾಯಿಗೆ ಬಾಯಿ. ಡಬ್ಬ ತೆಗೆದು ಕೊಟ್ಟೆ. ಇಲ್ಲಿ ರಜೆಯ ದಿನವಾದ ಶುಕ್ರವಾರ, ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದು ಊಟಕ್ಕೆ ಕೂರುವ ಹೊತ್ತು, ಕಿಟಕಿಯ ತುಂಬ ಬಿಸಿಲು. ಅವಳು ಊಟದ ಮೇಜಿನ ಮೇಲೆ ಹೋಲ್ಡರ್ ಇಟ್ಟು ಪ್ಲಗ್ ಹಾಕಿದಳು. ಕಣ್ಣು ಮಿಟುಕಿಸುವುದರೊಳಗೆ ಶಿಲುಬೆ ಹತ್ತಿತು. ನನ್ನ ಕೈಯಲ್ಲಿದ್ದ ಸೌಟು ಸಾರಿನೊಳಗೇ ಬಿತ್ತು.

ಸಂಜೆ ಪೀಠದ ಮೇಲಿಟ್ಟು, ಟ್ಯೂಬ್‌ಲೈಟ್ ಆರಿಸಿ ಸ್ವಿಚ್ ಹಾಕಿದರೆ ಮತ್ತೆ ಕತ್ತಲೆ. ನನ್ನ ಕಣ್ಣಲ್ಲಿ ನೀರು ಬಂತು. ಮಗಳು ಸುಮ್ಮನಿರಲಿಲ್ಲ. ಲೈಟ್ ಹಾಕಿದಳು, ಬಲ್ಬು ಹತ್ತಿತು. ಎರಡನ್ನೂ ಆರಿಸಿ, ಕತ್ತಲೆಯಲ್ಲಿ ಸ್ವಿಚ್ ಹಾಕಿದಳು, ಇಲ್ಲ. ಫೋನಿನ ಟಾರ್ಚ್ ಹಿಡಿದಳು, ಹತ್ತಿತು. ಟಾರ್ಚ್ ಆರಿಸಿದರೂ ಬೆಳಕು ಹಾಗೇ ನಿಂತಿತು. ಆಮೇಲೆ ಫೋನಿನಲ್ಲಿ ಹುಡುಕಿ ಓದಿ ಹೇಳಿದಳು. ಇಂಥ ಬಲ್ಬು ಹಳತಾದ ಮೇಲೆ ಪೂರ್ತಿ ಕತ್ತಲೆಯಲ್ಲಿ ಏಳಲಿಕ್ಕೆ ಕಷ್ಟವಂತೆ. ಹೊರಗಿನ ಚೂರು ಬೆಳಕು ಬಿದ್ದು, ತಗಡಿನಿಂದ ಒಂದೆರಡು ಎಲೆಕ್ಟ್ರಾನ್ ಎಬ್ಬಿಸಿದರೆ, ಉಳಿದದ್ದು ತಾನಾಗಿ ಆಗುತ್ತದಂತೆ.

ಎಬ್ಬಿಸುವುದು ಎಂದದ್ದೇ ನನಗೆ ಅಮ್ಮನ ಬೆಂಕಿಕಡ್ಡಿ ನೆನಪಾಯಿತು.

ಕೊನೆಯ ಎರಡು ವರ್ಷ ಅಮ್ಮ ಬತ್ತಿ ಮುಗಿದ ದಿನವೂ ಬೆಂಕಿಕಡ್ಡಿ ಗೀರಿ ಬಲ್ಬಿನ ಹತ್ತಿರ ಹಿಡಿದು, ಆಮೇಲೆ ಸ್ವಿಚ್ ಹಾಕುತ್ತಿದ್ದಳು. ರಜೆಯಲ್ಲಿ ಹೋದಾಗ ನಾನದನ್ನು ನೋಡಿ ಅತ್ತಿಗೆಯ ಎದುರೇ ನಕ್ಕಿದ್ದೆ. “ಮಾಯ್, ಇದು ಎಣ್ಣೆದೀಪ ಅಲ್ಲ, ಕರೆಂಟಿನದ್ದು. ಕಡ್ಡಿ ಗೀರಿ ಹಚ್ಚಲಿಕ್ಕೆ ಹೊರಟಿದ್ದೀಯಲ್ಲ, ಮರೆವು ಬಂತಾ?” ಅವಳು ಕಡ್ಡಿ ಊದಿ ಆರಿಸಿ, “ಕತ್ತಲೆಯಲ್ಲಿ ದೇವರನ್ನು ಎಬ್ಬಿಸಬಾರದು ಮಗಾ” ಎಂದಷ್ಟೇ ಹೇಳಿದ್ದಳು. ನಾವು ಇನ್ನೂ ನಕ್ಕೆವು. ಅವಳಿಗೆ ಬುದ್ಧಿ ಮಂಕಾಗುತ್ತಿದೆ ಎಂದು ಅಡುಗೆಕೋಣೆಯಲ್ಲಿ ಪಿಸುಗುಟ್ಟಿದ್ದೂ ಉಂಟು. ಅವಳ ಕಿವಿ ಚುರುಕಾಗಿತ್ತು.

ಈಗ ಸಂಜೆ ಟಾರ್ಚ್ ಹಿಡಿಯುವುದು ಮಗಳ ಕೆಲಸ. ಬಲ್ಬಿನ ಗಾಜು ಒಂದು ಬದಿಯಲ್ಲಿ ಕಪ್ಪಾಗುತ್ತ ಬಂದಿದೆ, ಇನ್ನೆಷ್ಟು ದಿನವೋ. ಮೊನ್ನೆ ಟಾರ್ಚ್ ಹಿಡಿದೇ ಕೇಳಿದಳು:

“ಮಮ್ಮಿ, ಅಜ್ಜಿಗೆ ಇದು ಗೊತ್ತಿತ್ತಾ?”

“ಗೊತ್ತಿಲ್ಲ. ಕೇಳಬೇಕಿತ್ತು.”

ಶಿಲುಬೆ ಹತ್ತಿತು. ಅವಳು ಟಾರ್ಚ್ ಆರಿಸಿದಳು. ಆ ಸಂಜೆ ನಾನು ಬೆರಳೆಣಿಸಲು ಶುರು ಮಾಡಿದ್ದು ಬೆಂಕಿಕಡ್ಡಿಯಿಂದ.