ಅರಿಶಿನ ಹಚ್ಚಿದ ಬುರ್ಲಿ

ನನ್ನ ಗಂಡನಿಗೆ ಹಕ್ಕಿಗಳ ಹುಚ್ಚು. ಬೇರೆಯವರ ಗಂಡಂದಿರು ರವಿವಾರ ಸಿನಿಮಾಕ್ಕೆ ಕರೆದೊಯ್ದರೆ ನಮ್ಮವರು ಖಾನಾಪುರದ ಕಡೆಯ ಹುಲ್ಲುಬಯಲಿಗೆ ಕರೆದೊಯ್ದು, ಮಾತಾಡಬೇಡ ಎಂದು ಕೂರಿಸುತ್ತಿದ್ದರು. ಕೋಳಿಮರಿಯಂತೆ ಗುಂಡಗಿರುವ ಬುರ್ಲಿಯಲ್ಲಿ ಎರಡು ಜಾತಿ ಎಂದು ಕಲಿಸಿದ್ದು ಅಲ್ಲಿಯೇ. ಒಂದು ಇಲ್ಲಿಯದೇ, ಮಳೆಗಾಲದಲ್ಲಿ ಕೂಗಿ ಕೂಗಿ ತಲೆ ತಿನ್ನುವಂಥದ್ದು. ಇನ್ನೊಂದು ಚಳಿಗೆ ಉತ್ತರದಿಂದ ಬಂದು ಬೇಸಿಗೆಗೆ ಮೊದಲು ಹೊರಟುಹೋಗುವಂಥದ್ದು. ಇಲ್ಲಿಯ ಗಂಡಿಗೆ ಎದೆಯ ಮೇಲೆ ಕಪ್ಪು ಮಚ್ಚೆ ಇರುತ್ತದೆ, ಗುರುತು ಸುಲಭ. ಹೆಣ್ಣುಗಳು ಮಾತ್ರ ಎರಡೂ ಒಂದೇ ಮಣ್ಣಿನ ಬಣ್ಣ.

"ರೆಕ್ಕಿ ಬಿಚ್ಚಿ ನೋಡಬೇಕು. ದೊಡ್ಡ ಗರಿ ಮ್ಯಾಲ ತಿಳಿ ಪಟ್ಟಿ ಇದ್ರ ಅದು ಹೋಗೂ ಹಕ್ಕಿ, ಇಲ್ಲಂದ್ರ ಇರೂ ಹಕ್ಕಿ," ಎನ್ನುತ್ತಿದ್ದರು. ನಾನು ಆಕಳಿಸುತ್ತಿದ್ದೆ.

ಅವರು ತೀರಿಕೊಂಡ ಮೇಲೆ ವಡಗಾವಿಯಲ್ಲಿ ಒಂದು ಕೋಣೆ ಹಿಡಿದೆ. ದಿನವೂ ರೈಲಿನಲ್ಲಿ ಗುಂಜಿಯ ಶಾಲೆಗೆ ಹೋಗಿ ಮಕ್ಕಳ ಮುಂದೆ ಗಂಟಲು ಹರಿದುಕೊಂಡು ಬರುವುದು. ಕೋಣೆಯ ಬೀಗ ತೆಗೆದ ಮೇಲೆ ಮರುದಿನದವರೆಗೆ ಒಂದು ಮಾತಿಲ್ಲ. ಸುತ್ತ ನೇಕಾರರ ಮನೆಗಳಲ್ಲಿ ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ಮಾತಾಡಬೇಡ ಎನ್ನುವವರೂ ಇರಲಿಲ್ಲ.

ಆ ಚಳಿಗಾಲ, ಶಾಲೆಯ ಹಿಂದೆ ಎಮ್ಮೆ ಮೇಯಿಸುವ ಹೆಂಗಸೊಬ್ಬಳು ಸೆರಗಿನಲ್ಲಿ ಒಂದು ಹೆಣ್ಣು ಬುರ್ಲಿ ತಂದಳು.

"ಹಾರಾಕ ಬರವಲ್ದು ರೀ ಅಕ್ಕೋರ. ಕಂಬಳಿ ಒಗದು ಹಿಡದೆ. ಒಂದು ರೆಕ್ಕಿಗೆ ಪೆಟ್ಟಾಗೈತಿ, ಅರಿಶಿನ ಹಚ್ಚೀನಿ."

ನೋಡಿದರೆ ಅರಿಶಿನ ಎಣ್ಣೆ ಕಲಸಿ ಎರಡೂ ರೆಕ್ಕೆಗೆ ಧಾರಾಳವಾಗಿ ಮೆತ್ತಿದ್ದಳು.

"ಪೆಟ್ಟು ಒಂದ ಕಡೆ ಐತಿ, ಎರಡಕ್ಕೂ ಯಾಕ ಹಚ್ಚೀಯವಾ?"

"ಒಂದಕ್ಕಷ್ಟ ಹಚ್ಚಿದ್ರ ಭಾರ ಆಗಿ ಆ ಕಡೆ ವಾಲ್ತೈತಲ್ರೀ."

ಇದಕ್ಕೆ ಏನು ಹೇಳುತ್ತೀರಿ? ರೆಕ್ಕೆ ಬಿಚ್ಚಿದೆ. ಎಲ್ಲವೂ ಹಳದಿ, ಪಟ್ಟಿಯ ಸುಳಿವಿಲ್ಲ. ಇರುವ ಹಕ್ಕಿ! ನನಗಾದ ಹಿಗ್ಗು ಅಷ್ಟಿಷ್ಟಲ್ಲ. ಮಳೆ ಬೀಳುವವರೆಗೆ ಸಾಕಿಕೊಂಡು ಆಮೇಲೆ ಶಾಲೆಯ ಹಿಂದೆಯೇ ಬಿಡುವುದು, ಅದು ಅಲ್ಲೇ ಜೋಡಿ ಕಟ್ಟಿ ಮರಿ ಮಾಡುವುದನ್ನು ವರ್ಷ ವರ್ಷ ನೋಡುವುದು ಎಂದು ಲೆಕ್ಕ ಹಾಕಿದೆ.

ಕೋಣೆಯ ಮೂಲೆಯಲ್ಲಿ ಬುಟ್ಟಿ ಮಗುಚಿ, ಒಳಗೆ ನವಣೆ ಕಾಳು, ಹೊರಳಾಡಲು ಒಂದು ಅಗಲ ತಟ್ಟೆಯಂಥ ಪರಾತದಲ್ಲಿ ಮಣ್ಣು ಇಟ್ಟೆ. ಸಂಜೆ ಬಂದವಳೇ ಅದರ ಮುಂದೆ ಕುಳಿತು ಹೆಡ್‌ಮಾಸ್ತರರನ್ನು ಬೈಯುತ್ತಿದ್ದೆ, ಏನು ಅಡುಗೆ ಮಾಡಲಿ ಎಂದು ಕೇಳುತ್ತಿದ್ದೆ. ಅದು ಉತ್ತರ ಕೊಡುತ್ತಿರಲಿಲ್ಲ. ಕೊಟ್ಟಿದ್ದರೆ ನನಗೇ ಗಾಬರಿಯಾಗುತ್ತಿತ್ತು. ಆದರೂ ಇಬ್ಬರಿಗೆಂದು ದೀಪ ಹಚ್ಚಿದಂತಾಗಿ ಮನಸ್ಸು ಹಗುರವಾಗುತ್ತಿತ್ತು.

ಹೋಳಿ ಹುಣ್ಣಿಮೆ ಹತ್ತಿರ ಬಂದಾಗ ಗಾಯ ಮಾಯಿತೇ ಎಂದು ಎತ್ತಿಕೊಂಡು ನೋಡಿದೆ. ಮಾಯ್ದಿತ್ತು. ಮಣ್ಣಿನಲ್ಲಿ ಹೊರಳಿ ಹೊರಳಿ ಅರಿಶಿನವೂ ಹೋಗಿತ್ತು. ಬಿಚ್ಚಿದ ರೆಕ್ಕೆಯ ದೊಡ್ಡ ಗರಿಗಳ ಮೇಲೆ ತಿಳಿ ಪಟ್ಟಿಗಳು, ಒಂದರ ಕೆಳಗೊಂದು, ಸ್ಪಷ್ಟವಾಗಿ ಕಂಡವು. ಹೋಗುವ ಹಕ್ಕಿ. ಆ ಹೆಂಗಸಿನ ಮೇಲೆ ಸಿಟ್ಟು ಬಂತು, ಅವಳ ಅರಿಶಿನದ ಮೇಲೆ ಬಂತು. ಗುರುತು ಹೇಳಿಕೊಟ್ಟು ಹೋದವರ ಮೇಲೆ ಎಲ್ಲಕ್ಕಿಂತ ಹೆಚ್ಚು ಬಂತು.

ಮರುದಿನ ಬುಟ್ಟಿಗೆ ಬಟ್ಟೆ ಕಟ್ಟಿ ಗುಂಜಿಗೆ ಒಯ್ದೆ. ಶಾಲೆ ಬಿಟ್ಟ ಮೇಲೆ ಹುಲ್ಲಿನತ್ತ ನಡೆದಾಗ ಅವಳು ಎಮ್ಮೆ ಬಿಟ್ಟು ಓಡಿ ಬಂದಳು.

"ಯಾಕ ಬಿಡ್ತೀರಿ ಅಕ್ಕೋರ? ಇಟಗೋರಿ. ನಿಮಗರ ಯಾರದಾರು?"

"ಇದು ಇಲ್ಲೀದಲ್ಲವಾ. ಇದರ ಜೋಡಿಯವು ಹೊಂಟು ನಿಂತಾವು. ಹಿಂದ ಉಳದರ ಹೆಂಗಿರತೈತಿ ಅನ್ನೂದು ನನಗ ಗೊತ್ತೈತಿ."

ಬಟ್ಟೆ ಬಿಚ್ಚಿದೆ. ಅದು ಒಂದು ಗಳಿಗೆ ಸುಮ್ಮನೆ ಕುಳಿತಿದ್ದು, ಭರ್ರೆಂದು ತಗ್ಗಿನಲ್ಲೇ ಹಾರಿ, ದೂರದ ಹುಲ್ಲಿನಲ್ಲಿ ಇಳಿಯಿತು. ಆಮೇಲೆ ಕಾಣಲಿಲ್ಲ. ರೈಲಿನ ಹೊತ್ತಾಯಿತು ಎಂದು ಅವಳು ನೆನಪಿಸಿದಳು. ಹೋಗಲಿ ಬಿಡು ಎಂದೆ. ಕೋಣೆಗೆ ಬೇಗ ಹೋಗುವಂಥದ್ದು ಏನೂ ಇರಲಿಲ್ಲ.