ಡಬ್ಬಿಯೊಳಗಿನ ಹಾಜರಿ

ವೈರ್ ಮೇಡಂ ನಮ್ಮ ಶಾಲೆಗೆ ಬಂದು ಹದಿನಾರು ವರ್ಷವಾಯಿತು. ಇಷ್ಟು ವರ್ಷದಲ್ಲಿ ಅವರು ನನ್ನ ತಲೆ ತಿನ್ನದ ದಿನ ಯಾವುದಾದರೂ ಇದ್ದರೆ ಅದು ರಜಾದಿನ. ಅವರು ಕಲಿಸುವುದು ವಿಜ್ಞಾನ. ಹೆಗಲ ಚೀಲದಿಂದ ಯಾವಾಗಲೂ ಒಂದಲ್ಲ ಒಂದು ವೈರು ಹೊರಗೆ ಇಣುಕುತ್ತಿರುತ್ತದೆ, ಅದಕ್ಕೇ ಮಕ್ಕಳು ಆ ಹೆಸರಿಟ್ಟರು. ನನಗೂ ಒಂದು ಹೆಸರಿದೆ, ಸೀಲು ಸಾರ್. ನಾನು ಶಾಲೆಯ ಗುಮಾಸ್ತ. ಸೀಲು ಒತ್ತದ ಕಾಗದ ನನ್ನ ಮೇಜು ದಾಟುವುದಿಲ್ಲ. ಬೆನ್ನ ಹಿಂದೆ ಹಾಗೆ ಕರೆಯುವುದು ನನಗೆ ಗೊತ್ತಿಲ್ಲ ಎಂದು ಮಕ್ಕಳು ತಿಳಿದುಕೊಂಡಿದ್ದಾರೆ.

ಮೇಡಂ ಅವರ ಅಪ್ಪ ರೇಡಿಯೊ ರಿಪೇರಿ ಮಾಡುತ್ತಿದ್ದರಂತೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂಬತ್ತನೇ ವಯಸ್ಸಿಗೇ ಈಯಮ್ಮ ಬೆಸುಗೆ ಹಾಕುವುದನ್ನು ಕಲಿತರಂತೆ; ಎಡಗೈ ಹೆಬ್ಬೆರಳ ಮೇಲೆ ಸುಟ್ಟ ಗುರುತು ಈಗಲೂ ಇದೆ, ಕೇಳಿದವರಿಗೂ ತೋರಿಸುತ್ತಾರೆ, ಕೇಳದವರಿಗೂ ತೋರಿಸುತ್ತಾರೆ. ಮದುವೆಯಾಗಿ ಹೋದ ಮನೆಯಲ್ಲಿ ಅತ್ತೆಯ ರೇಡಿಯೊ ಬಿಚ್ಚಿಟ್ಟು ಮೊದಲ ವಾರವೇ ಬೈಸಿಕೊಂಡರಂತೆ. ಮೂರನೇ ದಿನ ಅದು ಮೊದಲಿಗಿಂತ ಚೆನ್ನಾಗಿ ಹಾಡಿತು ಅನ್ನುವುದನ್ನೂ ಅವರೇ ಹೇಳುತ್ತಾರೆ. ಅತ್ತೆಯವರು ಏನೆಂದರು ಎನ್ನುವುದು ನನಗೆ ತಿಳಿಯದು.

ನಮ್ಮ ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂದು ಮೂರು ವರ್ಷವಾಗಿದೆ. ಗೋಡೆಯಷ್ಟು ಅಗಲ, ಮುಟ್ಟಿದರೆ ಚಿತ್ರ ಓಡುತ್ತದೆ. ಅದಕ್ಕೊಂದು ಕೋಣೆ, ಕೋಣೆಗೊಂದು ಬೀಗ, ಬೀಗದ ಕೈ ನನ್ನ ಬೀರುವಿನಲ್ಲಿ. ಕೆಟ್ಟರೆ ಉತ್ತರ ಕೊಡಬೇಕಾದವನು ನಾನು, ಹಾಗಾಗಿ ಬೆಡ್‌ಶೀಟ್ ಹೊದಿಸಿ, ಮುಟ್ಟಬಾರದು ಎಂದು ಬರೆದು ಅಂಟಿಸಿದ್ದೆ. ವರ್ಷಕ್ಕೆ ಎರಡು ಸಲ ಬೆಡ್‌ಶೀಟ್ ತೆಗೆದು, ಮಕ್ಕಳನ್ನು ಮುಂದೆ ಕೂರಿಸಿ, ಫೋಟೊ ಹೊಡೆದು ಮೇಲಿನವರಿಗೆ ಕಳಿಸುತ್ತೇವೆ. ಮೇಡಂ ತಿಂಗಳಿಗೊಮ್ಮೆ ಕೀಲಿ ಕೇಳುವುದು, ನಾನು ದೊಡ್ಡ ಮೇಡಂ ಅವರ ಸಹಿ ಬೇಕು ಅನ್ನುವುದು, ನಮ್ಮ ಮುಖ್ಯೋಪಾಧ್ಯಾಯಿನಿಯಾದ ಆ ದೊಡ್ಡ ಮೇಡಂ ಗುಮಾಸ್ತರನ್ನು ಕೇಳಿ ಅನ್ನುವುದು. ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಅವರು ಕೇಳುವುದನ್ನೇ ಬಿಟ್ಟರು.

ಕೇಳುವುದನ್ನು ಬಿಟ್ಟರು, ಸುಮ್ಮನಿದ್ದರು ಅಂತಲ್ಲ. ತಮ್ಮ ಹಳೇ ಫೋನನ್ನು ಸೂಕ್ಷ್ಮದರ್ಶಕದ ಮೂತಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದರು. ಎಲ್ಲಿಂದಲೋ ಹಳೇ ಪ್ರೊಜೆಕ್ಟರ್ ತಂದು ಈರುಳ್ಳಿ ಸಿಪ್ಪೆಯನ್ನು ಗೋಡೆ ತುಂಬ ತೋರಿಸಿದರು. ಮಕ್ಕಳು ಬೆರಗಾಗಿ ನೋಡುತ್ತಿದ್ದಾಗಲೇ ಇಡೀ ಶಾಲೆಯ ಫ್ಯೂಸ್ ಹೋಯಿತು. ನಾನು ಕಂಪ್ಯೂಟರಿನಲ್ಲಿ ಬೆಳಗ್ಗಿನಿಂದ ತುಂಬಿದ್ದ ಪಟ್ಟಿಯೂ ಅದರ ಜೊತೆಗೇ ಹೋಯಿತು. ಅವತ್ತು ನಾನು ಆಡಿದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ.

ಇದೆಲ್ಲ ಸಹಿಸಿಕೊಳ್ಳಬಹುದಿತ್ತು. ಡಬ್ಬಿಯನ್ನು ಮಾತ್ರ ನನ್ನಿಂದ ಸಹಿಸಲಾಗಲಿಲ್ಲ.

ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಮೆಟ್ಟಿಲಿನಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ನಾಲ್ಕು ತಿಂಗಳು ಹಾಸಿಗೆ ಬಿಟ್ಟು ಏಳಬಾರದು ಎಂದರು ಡಾಕ್ಟರು. ಅವಳ ತಾಯಿ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಹೋಗುವವರು. ಮನೆಯಲ್ಲಿದ್ದದ್ದು ಗುಂಡಿ ಒತ್ತುವ ಹಳೇ ಫೋನು. ನೂರಕ್ಕೆ ಎಪ್ಪತ್ತೈದು ದಿನ ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಅದು ನಿಯಮ. ಮನೆಯಿಂದ ಪಾಠ ಕೇಳುವುದಕ್ಕೆ ಮೇಲಿನವರು ಕೊಟ್ಟ ಆ್ಯಪ್ ಒಂದಿತ್ತು, ನಿಜ. ಅದು ಆ ಫೋನಿಗೆ ಹಿಡಿಸುವುದಿಲ್ಲ. ಹುಡುಗಿಗೆ ಒಂದು ವರ್ಷ ಹೋಯಿತು, ಮುಂದಿನ ವರ್ಷ ಮತ್ತೆ ಒಂಬತ್ತಕ್ಕೆ ಕೂರಲಿ ಎಂದು ನಾವೆಲ್ಲ ಲೊಚ್ಚಗುಟ್ಟಿ ಮುಗಿಸಿದೆವು. ಅವಳ ತಾಯಿ ಮಾತ್ರ, ಒಂದು ವರ್ಷ ನಿಂತರೆ ಇವಳನ್ನೂ ಕಾರ್ಖಾನೆಗೆ ಸೇರಿಸು ಅಂತ ಮನೆಯವರು ಹಟ ಹಿಡಿಯುತ್ತಾರೆ ಎಂದು ಮೇಡಂ ಎದುರು ಅತ್ತರಂತೆ.

ಮಾರನೇ ದಿನ ಮೇಡಂ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ತಂದರು. ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು, ಒಳಗೆ ತಮ್ಮ ಫೋನು, ಒಂದು ಸ್ಪೀಕರು, ಒಂದು ಮೈಕು ಇಟ್ಟಿದ್ದರು. ಬೆಳಗ್ಗೆ ಹುಡುಗಿಗೆ ಕರೆ ಮಾಡಿ ಡಬ್ಬಿಯನ್ನು ಅವಳ ಜಾಗದಲ್ಲಿ, ಎರಡನೇ ಬೆಂಚಿನ ಮೇಲೆ ಇಟ್ಟರೆ ಸಂಜೆ ಗಂಟೆ ಹೊಡೆಯುವವರೆಗೂ ಅಲ್ಲೇ. ಕೇಳಿಸುತ್ತದೆ ಸರಿ, ಬೋರ್ಡಿನ ಮೇಲಿನದು ಕಾಣುವುದು ಹೇಗೆ? ಅದಕ್ಕೂ ಒಂದು ಪದ್ಧತಿ ಮಾಡಿದರು. ದಿನಕ್ಕೊಬ್ಬರಂತೆ ಮಕ್ಕಳು ಡಬ್ಬಿಯ ಪಕ್ಕ ಕೂತು, ಬೋರ್ಡಿನ ಮೇಲೆ ಬರೆದದ್ದನ್ನು, ಗೋಡೆಯ ಮೇಲೆ ತೋರಿಸಿದ್ದನ್ನು ಬಾಯಲ್ಲಿ ಹೇಳಬೇಕು. ಮೊದಲ ವಾರ ಹುಡುಗರು ತಡಬಡಾಯಿಸಿದರು. ಹೃದಯದ ಚಿತ್ರ ನೋಡಿ ಒಬ್ಬ ‘ಒಂಥರಾ ಇದೆ’ ಎಂದನಂತೆ. ಒಂಥರಾ ಅಂದರೆ ಯಾವ ಥರ, ಎಷ್ಟು ಕೋಣೆ, ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂದು ಡಬ್ಬಿ ಬಿಡದೆ ಕೇಳಿತಂತೆ. ಹೇಳಬೇಕಾದರೆ ನೋಡಬೇಕು, ನೋಡಬೇಕಾದರೆ ತಿಳಿಯಬೇಕು. ಆ ತಿಂಗಳ ಪರೀಕ್ಷೆಯಲ್ಲಿ ಇಡೀ ತರಗತಿಯ ಅಂಕ ಮೇಲೇರಿತು. ಇದನ್ನು ನಾನು ಒಪ್ಪಿಕೊಳ್ಳಲೇಬೇಕು, ಅಂಕಪಟ್ಟಿಗೆ ಸೀಲು ಒತ್ತಿದವನು ನಾನೇ.

ತಕರಾರು ಶುರುವಾದದ್ದು ಹಾಜರಿಯಲ್ಲಿ. ಮೇಡಂ ಆ ತರಗತಿಯ ಟೀಚರ್. ಬೆಳಗ್ಗೆ ಹೆಸರು ಕೂಗುತ್ತಾರೆ, ಹುಡುಗಿಯ ಹೆಸರನ್ನೂ ಕೂಗುತ್ತಾರೆ, ಡಬ್ಬಿಯೊಳಗಿಂದ ‘ಬಂದಿದ್ದೀನಿ ಮೇಡಂ’ ಎಂದು ದನಿ ಬರುತ್ತದೆ, ಇವರು ಪುಸ್ತಕದಲ್ಲಿ ಹಾಜರಿ ಹಾಕುತ್ತಾರೆ. ಒಂಬತ್ತನೇ ತರಗತಿಯಲ್ಲಿ ಒಟ್ಟು ನಲವತ್ತೊಂದು ಮಕ್ಕಳು. ನಾನು ಹತ್ತು ಗಂಟೆಗೆ ಪ್ರತಿ ತರಗತಿಗೂ ಹೋಗಿ ಲೆಕ್ಕ ತಂದು ಕಂಪ್ಯೂಟರಿಗೆ ತುಂಬಬೇಕು. ಅವರು ನಲವತ್ತೊಂದು ಅನ್ನುತ್ತಾರೆ. ನಾನು ತಲೆ ಎಣಿಸುತ್ತೇನೆ, ನಲವತ್ತು.

“ಮೇಡಂ, ಮಲಗಿರೋ ಹುಡುಗಿಗೆ ಹಾಜರಿ ಹಾಕ್ತೀರಲ್ಲ, ನಾಳೆ ಯಾರಾದ್ರೂ ಕೇಳಿದ್ರೆ ನನ್ನ ಕುತ್ತಿಗೆಗೆ ಬರುತ್ತೆ.”

“ಕೂಗಿದಾಗ ಓಗೊಟ್ಟವಳನ್ನ ಬಂದಿಲ್ಲ ಅಂತ ಹೇಗ್ರೀ ಬರೀಲಿ? ಹಿಂದಿನ ಬೆಂಚಲ್ಲಿ ನಿದ್ದೆ ಹೊಡೀತಿರೋರಿಗೂ ಹಾಜರಿ ಹಾಕಿದ್ದೀನಿ.”

ಇಂಥವರ ಹತ್ತಿರ ಏನು ವಾದ ಮಾಡುವುದು? ದಿನಾ ಇದೇ ರಗಳೆ. ಮೊದಲ ದಿನವೇ ನಾನೊಂದು ಉಪಾಯ ಮಾಡಿಕೊಂಡಿದ್ದೆ. ಅವರು ಪುಸ್ತಕದಲ್ಲಿ ಏನು ಬೇಕಾದರೂ ಬರೆದುಕೊಳ್ಳಲಿ, ಕಂಪ್ಯೂಟರಿನಲ್ಲಿ ನಾನು ಹುಡುಗಿಗೆ ಗೈರುಹಾಜರಿ ಹಾಕುತ್ತೇನೆ. ಯಾರಿಗೂ ಹೇಳಲಿಲ್ಲ. ಅರವತ್ತೆಂಟು ದಿನ ಹಾಗೇ ಹಾಕಿದೆ, ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಒಂದು ಮಾತು ಕೇಳಿಸಿಕೊಂಡವನಲ್ಲ, ಇನ್ನು ಮುಂದೆಯೂ ಕೇಳಬಾರದು ಎಂದು.

ತಿಂಗಳ ಕೊನೆಗೆ ಪುಸ್ತಕದ ಒಟ್ಟು ಮೊತ್ತವನ್ನೂ ತುಂಬಬೇಕು, ಆ ಸಲದಿಂದ ಹೊಸದಾಗಿ ಬಂದ ನಿಯಮ. ತುಂಬಿದೆ. ಎರಡೂ ತಾಳೆಯಾಗಲಿಲ್ಲ. ಪರದೆಯ ಮೇಲೆ ನಮ್ಮ ಶಾಲೆಯ ಹೆಸರು ಕೆಂಪಗಾಯಿತು. ನಾಲ್ಕನೇ ದಿನಕ್ಕೆ ತಪಾಸಣೆಯ ಸಾಹೇಬರು ಬಂದಿಳಿದರು. ನನ್ನ ಬುದ್ಧಿವಂತಿಕೆಗೆ ಬೆಂಕಿ ಬಿತ್ತು.

ದೊಡ್ಡ ಮೇಡಂ ಅವರ ಕೋಣೆಯಲ್ಲಿ ನಾವು ಮೂವರೂ ನಿಂತೆವು. ಸಾಹೇಬರು ಗದರುವವರಲ್ಲ; ಕನ್ನಡಕ ಒರೆಸುತ್ತ ನಿಧಾನವಾಗಿ ಕೇಳುವವರು, ಅದು ಇನ್ನೂ ಕಷ್ಟ. ಮಂಚದ ಮೇಲಿರುವ ಹುಡುಗಿಗೆ ಹಾಜರಿ ಹಾಕಿದ್ದು ಸುಳ್ಳು ದಾಖಲೆಯಾಗುತ್ತದೆ ಎಂದರು. ದೊಡ್ಡ ಮೇಡಂ ಮೊದಲೇ ಒಂದು ಕಾಗದ ಸಿದ್ಧ ಮಾಡಿಟ್ಟಿದ್ದರು, ಕಣ್ತಪ್ಪಿನಿಂದ ಹಾಗಾಯಿತು ಎಂದು ವೈರ್ ಮೇಡಂ ಸಹಿ ಹಾಕಿದರೆ ಅಲ್ಲಿಗೆ ಮುಗಿಯಿತು. ಮೇಡಂ ನೌಕರಿ ಉಳಿಯುತ್ತದೆ, ಹುಡುಗಿಯ ವರ್ಷ ಹೋಗುತ್ತದೆ. ಮೇಡಂ ಕಾಗದ ಮುಟ್ಟಲಿಲ್ಲ. ಚೀಲದಿಂದ ಕರೆಗಳ ಪಟ್ಟಿ ತೆಗೆದಿಟ್ಟರು, ಅರವತ್ತೆಂಟು ದಿನ, ದಿನಕ್ಕೆ ಆರು ಗಂಟೆ.

ಸಾಹೇಬರು ಕಂಪ್ಯೂಟರಿನ ಮುಂದೆ ಕೂತು ಹಾಜರಿಯ ಪುಟ ತೆಗೆದರು. ಹೆಸರಿನ ಪಕ್ಕದಲ್ಲಿ ಒಂದು ಪುಟ್ಟ ಬಾಣದ ಗುರುತಿತ್ತು. ಮೂರು ವರ್ಷದಿಂದ ನಾನದನ್ನು ನೋಡುತ್ತಲೇ ಇದ್ದೇನೆ. ಒತ್ತಿದರೆ ಏನಾದರೂ ಅಳಿಸಿ ಹೋದೀತು ಎಂದು ಒತ್ತಿರಲಿಲ್ಲ. ಅವರು ಒತ್ತಿದರು. ಅದರ ಕೆಳಗೆ ಒಂದು ಸಾಲು ತೆರೆದುಕೊಂಡಿತು: ಕಾಯಿಲೆಯಿಂದಾಗಿ ಮನೆಯಿಂದ ಪಾಠ ಕೇಳಿದವರು, ವೈದ್ಯರ ಪತ್ರ ಮತ್ತು ಪ್ರತಿದಿನ ಕೇಳಿದ್ದಕ್ಕೆ ಪುರಾವೆ ಇದ್ದರೆ ಹಾಜರಿ. ಆ್ಯಪ್ ಬೇಕೆಂದು ಎಲ್ಲೂ ಇರಲಿಲ್ಲ. ವೈರ್ ಮೇಡಂ ನನ್ನ ಕಡೆ ತಿರುಗಿ ನೋಡಿದರು. ನಾನು ಕಿಟಕಿ ನೋಡಿದೆ.

ವೈದ್ಯರ ಪತ್ರವಿತ್ತು. ಪುರಾವೆ? ಕರೆಯ ಪಟ್ಟಿಯಿಂದ ಫೋನು ಎಚ್ಚರವಿತ್ತು ಎಂದು ಗೊತ್ತಾಗುತ್ತದೆ, ಹುಡುಗಿ ಎಚ್ಚರವಿದ್ದಳು ಎಂದು ಹೇಗೆ ಗೊತ್ತಾಗುತ್ತದೆ ಎಂದರು ಸಾಹೇಬರು. ತಾಯಿಯನ್ನು ಕರೆಸಿದರು. ಆಕೆ ಅರ್ಧ ದಿನ ರಜೆ ಹಾಕಿ ಮಗಳ ಐದು ನೋಟ್‌ಬುಕ್ ಹಿಡಿದುಕೊಂಡು ಓಡಿ ಬಂದರು. ಪಾಠವೆಲ್ಲ ನೀಟಾಗಿ ಬರೆದಿತ್ತು. ಗೆಳತಿಯರ ಪುಸ್ತಕ ತರಿಸಿಕೊಂಡು ಆಮೇಲೂ ಬರೆದುಕೊಳ್ಳಬಹುದಲ್ಲ ಎಂದು ಸಾಹೇಬರು ಕೇಳಿದರು. ಅದೂ ನ್ಯಾಯವೇ. ತಾಯಿಯ ಮುಖ ಸಣ್ಣದಾಯಿತು.

ಸಾಹೇಬರು ಸುಮ್ಮನೆ ಪುಟ ತಿರುವುತ್ತಿದ್ದವರು ಒಂದು ಕಡೆ ನಿಂತರು. ಅಂಚಿನಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ ಏನೋ ಬರೆದಿತ್ತು. ಇನ್ನೊಂದು ಪುಟ ತಿರುವಿದರು, ಅಲ್ಲೂ ಇತ್ತು. ತುಟಿಯಲ್ಲಿ ನಗು ಬಂತು.

“ಈ ಸೀಲು ಸಾರ್ ಅಂದ್ರೆ ಯಾರು?”

ಎಲ್ಲರೂ ನನ್ನ ಕಡೆ ನೋಡಿದರು, ಅಷ್ಟೇ ಸಾಕಾಯಿತು. ಸಾಹೇಬರು ಪುಸ್ತಕವನ್ನು ನನ್ನ ಮುಂದೆ ತಳ್ಳಿದರು.

ಒಂದೊಂದಕ್ಕೂ ತಾರೀಖು ಹಾಕಿತ್ತು. ‘ಸೀಲು ಸಾರ್ ಬಂದರು. ಈ ಡಬ್ಬಿ ಎತ್ತಿ ಬಿಸಾಕಿ ಅಂದರು.’ ‘ಸೀಲು ಸಾರ್ ನಲವತ್ತು ಅಂದರು, ಮೇಡಂ ನಲವತ್ತೊಂದು ಅಂದರು. ನಾನು ಹೂಂ ಅಂದೆ, ಅವರಿಗೆ ಕೇಳಿಸಲಿಲ್ಲ.’ ‘ಸೀಲು ಸಾರ್ ಬರಲಿಲ್ಲ, ಜ್ವರವಂತೆ.’ ‘ಇವತ್ತು ಹೊಸ ಚಪ್ಪಲಿ, ಸದ್ದು ಬೇರೆ.’ ಸಾಹೇಬರು ರಜೆಯ ಪುಸ್ತಕ ತರಿಸಿ ನೋಡಿದರು. ಜ್ವರದ ತಾರೀಖು ಸರಿಯಾಗಿತ್ತು. ಚಪ್ಪಲಿಯದ್ದು ನನಗೊಬ್ಬನಿಗೇ ಗೊತ್ತು, ಅದೂ ಸರಿಯಾಗಿತ್ತು.

ಬಯ್ಗುಳವನ್ನು ಯಾವ ಗೆಳತಿಯೂ ನೋಟ್ಸಿನಲ್ಲಿ ಬರೆದುಕೊಳ್ಳುವುದಿಲ್ಲ. ಸಾಹೇಬರಿಗೂ ಅದು ಹೊಳೆಯಿತು. ಈ ಮಾತುಗಳನ್ನು ಆಯಾ ದಿನ ನಾನು ಆಡಿದ್ದು ನಿಜ ಎಂದು ಬರೆದುಕೊಟ್ಟರೆ, ಅದೇ ಪುರಾವೆ ಎಂದರು. ದೊಡ್ಡ ಮೇಡಂ ನನ್ನ ಕಿವಿಯ ಹತ್ತಿರ ಬಂದು ಎಚ್ಚರಿಸಿದರು: ಹಾಗೆ ಬರೆದರೆ ಹುಡುಗಿ ಕೇಳಿಸಿಕೊಳ್ಳುತ್ತಿದ್ದದ್ದು ಗೊತ್ತಿದ್ದೂ ಗೈರುಹಾಜರಿ ಹಾಕಿದವರು ನೀವಾಗುತ್ತೀರಿ, ನೆನಪಿಲ್ಲ ಅಂದುಬಿಡಿ. ಒಳ್ಳೆಯ ಸಲಹೆಯೇ. ನೆನಪಿಲ್ಲ ಅನ್ನುವ ಒಂದು ಮಾತಿಗೆ ನನ್ನ ಇಪ್ಪತ್ತಾರು ವರ್ಷ ಉಳಿಯುತ್ತಿತ್ತು. ಹಾಳು ಡಬ್ಬಿ, ಹಾಳು ಬಾಣ, ಹಾಳು ಮೇಡಂ ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತ ಉಳಿದ ಪುಟ ತಿರುವಿದೆ.

ನಲವತ್ತಮೂರನೇ ದಿನದ ಪುಟ. ಅವತ್ತು ಊಟದ ಬಿಡುವಿನಲ್ಲಿ ಏನೋ ಕೇಳಲು ತರಗತಿಗೆ ಹೋಗಿದ್ದೆ. ಮಕ್ಕಳಿರಲಿಲ್ಲ, ಮೇಡಂ ಒಬ್ಬರೇ ಇದ್ದರು. ಡಬ್ಬಿಯ ಮುಚ್ಚಳ ತೆಗೆದಿತ್ತು, ಫೋನು ಆರಿಸಿದ್ದಾರೆ ಎಂದುಕೊಂಡಿದ್ದೆ. ಅಂಚಿನಲ್ಲಿ ಹೀಗಿತ್ತು: ‘ಸೀಲು ಸಾರ್ ಬಂದರು. ಆ ಹುಡುಗಿ ಎದ್ದು ಓಡಾಡೋದು ಅಷ್ಟರಲ್ಲೇ ಇದೆ, ಸುಮ್ಮನೆ ಹೆಸರು ಹೊಡೆದು ಹಾಕಿ ಅಂದರು.’ ಅದರ ಕೆಳಗೆ ಏನೂ ಇರಲಿಲ್ಲ. ಮುಂದಿನ ಸಾಲಿನಿಂದ ಮಧ್ಯಾಹ್ನದ ಪಾಠ, ಶ್ವಾಸಕೋಶದ ಭಾಗಗಳು, ಅದೇ ದುಂಡು ಅಕ್ಷರ.

ನನಗೆ ನಾಚಿಕೆಯಾಯಿತು. ಇಷ್ಟು ವರ್ಷದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಆ ತಾಯಿ ಎದುರಿಗೇ ಕೂತಿದ್ದರು, ಅವರು ಇದನ್ನು ಓದಿದ್ದರೋ ಇಲ್ಲವೋ, ತಲೆ ಎತ್ತಿ ನೋಡುವ ಧೈರ್ಯ ಬರಲಿಲ್ಲ.

“ಇದೂ ನೀವೇ ಹೇಳಿದ್ದಾ?” ಎಂದರು ಸಾಹೇಬರು.

“ಹೌದು ಸಾರ್. ಎಲ್ಲಾ ನಾನೇ ಹೇಳಿದ್ದು. ಒಂದಕ್ಷರ ಸುಳ್ಳಿಲ್ಲ.”

ಬರೆದುಕೊಟ್ಟೆ. ಸಹಿ ಹಾಕಿ, ಅಭ್ಯಾಸಬಲದಿಂದ ಸೀಲೂ ಒತ್ತಿದೆ. ಹುಡುಗಿಯ ಅರವತ್ತೆಂಟು ದಿನ ಬಾಣದ ಕೆಳಗಿನ ಸಾಲಿಗೆ ಹೋಯಿತು, ಪರೀಕ್ಷೆಗೆ ಕೂರಬಹುದು ಎಂದಾಯಿತು. ನನಗೆ ಒಂದು ಮೆಮೊ ಸಿಕ್ಕಿತು. ತಾಯಿ ಮೇಡಂ ಅವರ ಕೈ ಹಿಡಿದುಕೊಂಡು ಅತ್ತರು. ನನಗೂ ಕೈ ಮುಗಿದರು, ಅದೇ ನನಗೆ ಕಷ್ಟವಾದದ್ದು. ಎಲ್ಲರೂ ಹೋದ ಮೇಲೆ ಬೀರು ತೆರೆದು ಸ್ಮಾರ್ಟ್ ಬೋರ್ಡಿನ ಕೀಲಿ ತೆಗೆದು ಮೇಡಂ ಮುಂದೆ ಇಟ್ಟೆ. ‘ದೊಡ್ಡ ಮೇಡಂ ಸಹಿ ಬೇಡವಾ?’ ಎಂದು ಕೇಳಿದರು. ಇವರ ನಾಲಿಗೆ ಸುಮ್ಮನಿರುವುದಿಲ್ಲ.

ಮಾರನೇ ದಿನ ಹತ್ತು ಗಂಟೆಗೆ ಒಂಬತ್ತನೇ ತರಗತಿಗೆ ಹೋದೆ. ಲೆಕ್ಕ ಕೇಳುವ ಬದಲು ಎರಡನೇ ಬೆಂಚಿನ ಹತ್ತಿರ ಹೋಗಿ ನಿಂತೆ.

“ಅಮ್ಮಾ, ನಾನು…” ಎಂದೆ. ಇಷ್ಟು ಜನರ ಮುಂದೆ ಒಂದು ತಗಡಿನ ಡಬ್ಬಿಯ ಹತ್ತಿರ ಬಗ್ಗಿ ಮಾತಾಡುವುದು ಸುಲಭವಲ್ಲ.

“ಗೊತ್ತಾಯ್ತು ಸಾರ್, ಚಪ್ಪಲಿ ಸದ್ದು ಕೇಳಿಸ್ತು. ಒಂದ್ನಿಮಿಷ, ತಾರೀಖು ಹಾಕ್ಕೋತೀನಿ.”

ಕಾದೆ.

“ಅವತ್ತು ಊಟದ ಹೊತ್ತಲ್ಲಿ ನಾನಾಡಿದ್ದು ತಪ್ಪಮ್ಮ. ಅದನ್ನೂ ಬರ್ಕೋ.”

ಡಬ್ಬಿಯಿಂದ ಪೆನ್ಸಿಲ್ ಗೀಚುವ ಸದ್ದು ಬಂತು. ನಿಧಾನವಾಗಿ ಬರೆಯುವ ಹುಡುಗಿ. ‘ಆಯ್ತು ಸಾರ್’ ಅನ್ನುವವರೆಗೂ ನಿಂತಿದ್ದೆ. ಆಮೇಲೆ ಮೇಡಂ ಕಡೆ ತಿರುಗಿ ಇವತ್ತು ಎಷ್ಟು ಎಂದು ಕೇಳಿದೆ. ನಲವತ್ತೊಂದು ಎಂದರು. ನಾನು ತಲೆ ಎಣಿಸದೆ ಬರೆದುಕೊಂಡು ಬಂದೆ.